ಎಂ.ಎಸ್. ಔಷಧಿ: ವಿಮೆ ಕೊಟ್ಟದ್ದು, ಕೈಯಿಂದ ಹೋದದ್ದು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ಮಿದುಳು, ಬೆನ್ನುಹುರಿಯ ನರಗಳ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಷ್ಟು ದಿನ ನನಗೆ ವಿಮೆಯಿಂದ ಬಿಡಿಗಾಸೂ ಸಿಗಲಿಲ್ಲ. ನಮ್ಮಲ್ಲಿ ಬಹುತೇಕ ಪಾಲಿಸಿಗಳು ಹೊರರೋಗಿಗಳ ಔಷಧಿ ಖರ್ಚು ಕೊಡುವುದಿಲ್ಲ. ನಾನು ನುಂಗುತ್ತಿದ್ದ ಡೈಮೀಥೈಲ್ ಫ್ಯೂಮರೇಟ್‌ಗೆ ಅಗ್ಗದ ಭಾರತೀಯ ಜೆನೆರಿಕ್ ಇದ್ದದ್ದರಿಂದ ಹೇಗೋ ತೂಗಿಸಿದೆವು.

ಆಮೇಲೆ ಡಾಕ್ಟರು ಡ್ರಿಪ್ ಮೂಲಕ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಗೆ ಬದಲಾಯಿಸಿದರು. ಆರು ತಿಂಗಳಿಗೊಮ್ಮೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಮಲಗಬೇಕು. ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ತಡೆಯುವ ಏವಿಲ್, ಸ್ಟೀರಾಯ್ಡ್, ನಂತರ ಡ್ರಿಪ್. ಸಿಸ್ಟರ್ ಆಗಾಗ ಬಿ.ಪಿ. ನೋಡಿ ವೇಗ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಸಂಜೆಗೆ ಮನೆ. ಗಂಡನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇತ್ತು. ಆದರೂ ಕ್ಲೇಮ್ ತಿರಸ್ಕಾರವಾಯಿತು. 24 ಗಂಟೆ ದಾಖಲಾಗಿಲ್ಲ ಎಂಬುದು ಒಂದು ಕಾರಣ, ಈ ಔಷಧಿಗೆ ಎಂ.ಎಸ್.ಗೆಂದು ಅನುಮೋದನೆ ಇಲ್ಲ, ಹಾಗಾಗಿ ಇದು 'ಪ್ರಾಯೋಗಿಕ' ಎಂಬುದು ಇನ್ನೊಂದು.

ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದೆ. ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐ.ಆರ್.ಡಿ.ಎ.ಐ. 2019ರಲ್ಲಿ ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಇಂಜೆಕ್ಷನ್ ಮೂಲಕ ಕೊಡುವ ಮೋನೋಕ್ಲೋನಲ್ ಆ್ಯಂಟಿಬಾಡಿಯೂ (ಪ್ರಯೋಗಾಲಯದಲ್ಲಿ ತಯಾರಿಸುವ ಪ್ರತಿಕಾಯ) ಇದೆ. ರಿಟುಕ್ಸಿಮ್ಯಾಬ್ ಆ ಜಾತಿಯದೇ. ಕಂಪನಿ ಮೊತ್ತಕ್ಕೆ ಮಿತಿ ಹಾಕಬಹುದು, ಆದರೆ ಡೇ ಕೇರ್ (ದಾಖಲಾಗಿ ಅದೇ ದಿನ ಮನೆಗೆ ಹೋಗುವ ಚಿಕಿತ್ಸೆ) ಎಂಬ ನೆಪಕ್ಕೆ ಪೂರ್ತಿ ಕೈಬಿಡುವಂತಿಲ್ಲ. 'ಪ್ರಾಯೋಗಿಕ' ಎಂಬ ಮಾತಿಗೆ ಉತ್ತರವಾಗಿ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ರಿಟುಕ್ಸಿಮ್ಯಾಬನ್ನು ಎಂ.ಎಸ್.ಗೆಂದೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದನ್ನು ತೋರಿಸಿದೆ. ನನಗೆ ಅನಿಸುವಂತೆ ಕೆಲಸ ಮಾಡಿದ್ದು ಡಾಕ್ಟರ ಪತ್ರ. ಮಾತ್ರೆಯಲ್ಲಿದ್ದಾಗಲೂ ಎಂ.ಆರ್.ಐ.ಯಲ್ಲಿ ಹೊಸ ಕಲೆಗಳು ಬಂದವು, ಡ್ರಿಪ್ ಕೊಡುವಾಗ ಅಲರ್ಜಿಯ ಅಪಾಯವಿದೆ, ಮನೆಯಲ್ಲಾಗಲಿ ಓ.ಪಿ.ಡಿ.ಯಲ್ಲಾಗಲಿ ಕೊಡಲಾಗದು ಎಂದು ಅವರು ಬಿಡಿಸಿ ಬರೆದಿದ್ದರು. ದುಡ್ಡು ಬಂತು. ಬಾರದಿದ್ದರೆ ಮುಂದಿನ ಬಾಗಿಲು ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಇತ್ಯರ್ಥ ಮಾಡುವ ಅಧಿಕಾರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈಗ ಡಿಸ್ಚಾರ್ಜ್ ಸಮ್ಮರಿ ಪ್ರಿಂಟ್ ಆಗುವ ಮೊದಲೇ ಕೌಂಟರಿನಲ್ಲಿ ನಿಂತು ಓದುತ್ತೇನೆ. 'ಡೇ ಕೇರ್ ಅಡ್ಮಿಷನ್' ಎಂದಿರಬೇಕು, 'ಓ.ಪಿ.ಡಿ. ಪ್ರೊಸೀಜರ್' ಎಂದು ಬಿದ್ದರೆ ಮತ್ತೆ ಅದೇ ರಗಳೆ. ಡ್ರಿಪ್‌ಗೆ ಮುಂಚಿನ ಹೆಪಟೈಟಿಸ್ ಬಿ, ರಕ್ತ ಪರೀಕ್ಷೆಗಳ ಬಿಲ್ಲುಗಳನ್ನೂ ಕಟ್ಟಿಡುತ್ತೇನೆ. ನನ್ನ ಪಾಲಿಸಿಯಲ್ಲಿ ದಾಖಲಾತಿಗೆ 30 ದಿನ ಮುಂಚಿನ ಖರ್ಚೂ ಸೇರುತ್ತದೆ. ಕೈಗವಸಿನಂಥ ಚಿಲ್ಲರೆ ಬಾಬತ್ತುಗಳು ಕಡಿತವಾಗುತ್ತವೆ, ಅದಕ್ಕೆಲ್ಲ ಜಗಳ ಆಡುವುದಿಲ್ಲ. ಫಿಸಿಯೋಥೆರಪಿ ಮತ್ತು ನಡುವಿನ ಡಾಕ್ಟರ್ ಫೀಸು ಮಾತ್ರ ಇಂದಿಗೂ ನಮ್ಮದೇ.

ಗ್ರೂಪ್ ಪಾಲಿಸಿ ಕೆಲಸದ ಜೊತೆಗೇ ಹೋಗುತ್ತದೆ. ಹಾಗಾಗಿ ಎಂ.ಎಸ್. ಇದೆಯೆಂದು ಮುಚ್ಚಿಡದೆ ಬರೆದು ಬೇರೆ ಪಾಲಿಸಿಯನ್ನೂ ಮಾಡಿಸಿದ್ದೇವೆ. ಹಳೆಯ ಕಾಯಿಲೆಗೆ ಕಾಯುವ ಅವಧಿಯ ಗರಿಷ್ಠ ಮಿತಿ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ಪ್ರೀಮಿಯಂ ಭಾರವೇ, ಆದರೂ ಕಟ್ಟುತ್ತಿದ್ದೇವೆ.