ಆಡಿಟರ್ ಕೇಳಿದ ಆ ಒಂದು ಹಾಳೆ

"ಈ ಗುತ್ತಿಗೆದಾರರು ಕಪ್ಪುಪಟ್ಟಿಯಲ್ಲಿ ಇಲ್ಲ ಅಂತ ನೀವು ಯಾವತ್ತು ನೋಡಿದಿರಿ?"

2022ರ ಅಕ್ಟೋಬರ್‌ನಲ್ಲಿ ನಮ್ಮ ಆಡಿಟರ್ ನನ್ನನ್ನು ಕೇಳಿದ ಪ್ರಶ್ನೆ ಇದು. ಮೇಜಿನ ಮೇಲೆ ಒಳಚರಂಡಿ ದುರಸ್ತಿ ಕಾಮಗಾರಿಯ ಫೈಲ್ ಇತ್ತು. 4 ಲಕ್ಷ ಡಾಲರ್ ದಾಟಿದ ಕೆಲಸ. ಟೆಂಡರ್ ಜಾಹೀರಾತು ಇತ್ತು. ಮುಚ್ಚಿದ ಲಕೋಟೆಯಲ್ಲಿ ಬಂದ ಬಿಡ್‌ಗಳಿದ್ದವು. ಅವನ್ನು ತೆರೆದ ದಿನದ ಪಟ್ಟಿ, ಕೌನ್ಸಿಲ್ ನಿರ್ಣಯ, ಕರಾರು, ಎಂಜಿನಿಯರ್ ಸಹಿ ಮಾಡಿದ ಬಿಲ್ಲು, ಎಲ್ಲಾ ಇತ್ತು. ಕಪ್ಪುಪಟ್ಟಿ, ಅಂದರೆ ಸರ್ಕಾರದ ದುಡ್ಡಿನ ಕೆಲಸ ಕೊಡಬಾರದು ಅಂತ ಸರ್ಕಾರ ಹೊರಗಿಟ್ಟವರ ಪಟ್ಟಿ, ಅದನ್ನು ನೋಡಿದ್ದಕ್ಕೆ ಸಾಕ್ಷಿಯಾದ ಆ ಒಂದು ಹಾಳೆ ಮಾತ್ರ ಇರಲಿಲ್ಲ.

ಖರೀದಿ ವಿಭಾಗದ ಸಹೋದ್ಯೋಗಿಯನ್ನು ಕೇಳಿದೆ. "ನೋಡಿದ್ದೆ. ಕರಾರಿಗೆ ಸಹಿ ಬೀಳೋ ಮುಂಚೆನೇ ನೋಡಿದ್ದೆ, ಚೆನ್ನಾಗಿ ನೆನಪಿದೆ" ಅಂದರು. ಅವರ ಮಾತನ್ನು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಕಂಪ್ಯೂಟರಿನಲ್ಲಿ ನೋಡಿ ಮುಚ್ಚಿಬಿಟ್ಟಿದ್ದರು. ಪ್ರಿಂಟ್ ತೆಗೆದಿರಲಿಲ್ಲ. ನಾವು ಅಲ್ಲೇ ಕೂತು ಮತ್ತೆ ಹುಡುಕಿದೆವು. ಗುತ್ತಿಗೆದಾರರ ಹೆಸರು ಕಪ್ಪುಪಟ್ಟಿಯಲ್ಲಿ ಇಲ್ಲ. ಆ ಪ್ರಿಂಟ್ ಕೊಟ್ಟೆ. ಆಡಿಟರ್ ಅದರ ಮೂಲೆಯಲ್ಲಿದ್ದ ತಾರೀಖನ್ನು ನೋಡಿ, ಮೆತ್ತಗೆ ನನ್ನ ಕಡೆಗೇ ಸರಿಸಿದರು. ಕರಾರು ಆಗಿದ್ದು ವಸಂತದಲ್ಲಿ. ಪ್ರಿಂಟ್ ಇವತ್ತಿನದು.

ನಾನು ಅಮೆರಿಕದ ಮಿಶಿಗನ್ ರಾಜ್ಯದ ಒಂದು ನಗರದ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಊರಿನ ಜನಸಂಖ್ಯೆ ಐವತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ಹಾಸನದಲ್ಲಿ ಬಿ.ಕಾಂ. ಮುಗಿಸಿದವಳು, ಮದುವೆಯಾಗಿ ಇಲ್ಲಿಗೆ ಬಂದೆ. ಇಲ್ಲಿ ಮತ್ತೆ ಅಕೌಂಟಿಂಗ್ ಓದಿ ಈ ಕೆಲಸಕ್ಕೆ ಸೇರಿದೆ. ಫೆಡರಲ್ ಸರ್ಕಾರದಿಂದ, ಅಂದರೆ ನಮ್ಮ ಕಡೆ ಕೇಂದ್ರ ಅನ್ನುತ್ತೇವಲ್ಲ ಅಲ್ಲಿಂದ, ನಗರಕ್ಕೆ ಬರುವ ಅನುದಾನದ ಲೆಕ್ಕ ನನ್ನ ಪಾಲಿಗೆ. ಇಂಥ ಕೆಲಸದಲ್ಲಿರುವ ಕನ್ನಡದವರು ಈಗ ಹಲವರಿದ್ದಾರೆ. ಅವರಿಗೂ, ಊರಲ್ಲಿ ಪಂಚಾಯಿತಿ ಲೆಕ್ಕ ನೋಡುವವರಿಗೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ನಿಯಮ ಹೀಗಿತ್ತು. ನಗರವೋ ಕೌಂಟಿಯೋ (ನಮ್ಮ ಜಿಲ್ಲೆಯ ಹಾಗೆ) ಒಂದು ವರ್ಷದಲ್ಲಿ ಫೆಡರಲ್ ದುಡ್ಡು 7.5 ಲಕ್ಷ ಡಾಲರ್ ಅಥವಾ ಜಾಸ್ತಿ ಖರ್ಚು ಮಾಡಿದರೆ 'ಸಿಂಗಲ್ ಆಡಿಟ್' ಮಾಡಿಸಲೇಬೇಕು. ಒಂದೊಂದು ಅನುದಾನಕ್ಕೂ ಒಂದೊಂದು ಆಡಿಟ್ ಆಗುವ ಬದಲು ಇಡೀ ಸಂಸ್ಥೆಗೆ ಒಂದೇ ಸಾಕು ಅಂತ 1984ರಲ್ಲಿ ಕಾನೂನು ಮಾಡಿದರು, ಅದಕ್ಕೇ ಆ ಹೆಸರು. ಈಗ ಮಿತಿ 10 ಲಕ್ಷ ಡಾಲರ್‌ಗೆ ಏರಿದೆ. 2024ರ ಅಕ್ಟೋಬರ್ 1ರಿಂದ ಮುಂದಕ್ಕೆ ಶುರುವಾಗುವ ಹಣಕಾಸು ವರ್ಷಗಳಿಗೆ ಅದು. ನಮ್ಮ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ನಮಗೆ ಅದು 2025ರ ಜುಲೈನಿಂದ ಲಾಗೂ ಆಯಿತು. ಈ ತಾರೀಖಿನ ಲೆಕ್ಕ ತಪ್ಪಿ ಒಂದು ವರ್ಷ ಮೊದಲೇ "ನಮಗೆ ಆಡಿಟ್ ಬೇಡ" ಅಂದುಕೊಳ್ಳಬೇಡಿ.

2021ರ ಮಾರ್ಚ್‌ನಲ್ಲಿ ಕೋವಿಡ್ ಪರಿಹಾರದ ಕಾನೂನು ಬಂತು. ರಾಜ್ಯ, ಕೌಂಟಿ, ನಗರ, ಬುಡಕಟ್ಟು ಸರ್ಕಾರಗಳಿಗೆ ಅಂತ 350 ಬಿಲಿಯನ್ ಡಾಲರ್, ನಮ್ಮ ಎಣಿಕೆಯಲ್ಲಿ 35 ಸಾವಿರ ಕೋಟಿ ಡಾಲರ್ ಇಟ್ಟರು. ಎಷ್ಟೋ ಚಿಕ್ಕ ಊರುಗಳಿಗೆ ಅಷ್ಟು ದೊಡ್ಡ ಫೆಡರಲ್ ಮೊತ್ತ ಕೈಗೆ ಬಂದದ್ದು ಅದೇ ಮೊದಲು. ನಮಗೂ ಅಷ್ಟೇ. ಆ ದುಡ್ಡಲ್ಲೇ ನಡೆದಿದ್ದು ಈ ಒಳಚರಂಡಿ ಕೆಲಸ.

ಆಡಿಟ್ ವರದಿಯಲ್ಲಿ ಆ ಹಾಳೆ ಇಲ್ಲದ ವಿಷಯ 2022-001 ಅಂತ ಬಂತು. ಆ ವರ್ಷದ ಮೊದಲ ಆಕ್ಷೇಪಣೆ ಅಂತ ಅರ್ಥ. ದುಡ್ಡು ವಾಪಸ್ ಕೇಳಲಿಲ್ಲ, ಗುತ್ತಿಗೆದಾರರು ಕಪ್ಪುಪಟ್ಟಿಯಲ್ಲಿ ಇರಲಿಲ್ಲವಲ್ಲ. ಆದರೂ ಆಕ್ಷೇಪಣೆ ಆಕ್ಷೇಪಣೆಯೇ. ಸಿಂಗಲ್ ಆಡಿಟ್ ವರದಿ ಫೆಡರಲ್ ಜಾಲತಾಣದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಅದಕ್ಕೆ ನಾವು ಉತ್ತರ ಬರೆದುಕೊಡಬೇಕು: ಏನು ಸರಿಮಾಡುತ್ತೀರಿ, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಮುಂದಿನ ವರ್ಷ ಅದು ಏನಾಯಿತು ಅಂತಲೂ ಬರೆಯಬೇಕು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಪೈಸೆ ಆಚೀಚೆ ಆಗಿಲ್ಲ, ಕೊಳವೆ ಚೆನ್ನಾಗಿ ಆಗಿದೆ, ಆ ಬೀದಿಯಲ್ಲಿ ಈಗ ಮಳೆ ಬಂದರೆ ಮನೆಯೊಳಗೆ ಕೊಳಚೆ ನುಗ್ಗುವುದಿಲ್ಲ. ಇಷ್ಟಿದ್ದೂ ತಪ್ಪು ನಮ್ಮದೇ ಅಲ್ವಾ?

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ಹೇಳಿಕೊಂಡೆ. ಅಪ್ಪ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಪೂರ್ತಿ ಕೇಳಿಸಿಕೊಂಡು, "ಬಿಲ್ ಪಾಸಾಗೋ ದಾರೀಲೇ ಅದನ್ನ ಇಡಬೇಕಿತ್ತು ಕಣಮ್ಮ" ಅಂದರು. ಅವರ ಮೇಜಿನ ಮೇಲೆ ಒಂದು ರಬ್ಬರ್ ಸೀಲ್ ಇರುತ್ತಿತ್ತು, 'ಪಾವತಿಸಿ ರದ್ದುಪಡಿಸಲಾಗಿದೆ' ಅಂತ. ದುಡ್ಡು ಹೋದ ಕೂಡಲೇ ಆ ಬಿಲ್ಲಿನ ಮೇಲೆ ಸೀಲ್ ಬೀಳಬೇಕು. ಬಿದ್ದ ಮೇಲೆ ಅದೇ ಬಿಲ್ಲನ್ನು ಇನ್ನೊಂದು ಸಲ ಯಾರೂ ತರುವ ಹಾಗಿಲ್ಲ. ಸಂಜೆ ಮಾಡೋಣ, ನಾಳೆ ಮಾಡೋಣ ಅನ್ನುವ ಮಾತೇ ಅವರಲ್ಲಿ ಇರಲಿಲ್ಲ.

ಅಪ್ಪನ ಆ ಮಾತು ಹಿಡಿದುಕೊಂಡೇ ಕೆಲಸ ಶುರು ಮಾಡಿದೆ. ಖರೀದಿ ಆದೇಶ ಹೊರಡುವ ಮುಂಚೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಹಂತ ಇದೆ, ಹಣಕಾಸು ವಿಭಾಗದ ಒಪ್ಪಿಗೆ. ಫೆಡರಲ್ ದುಡ್ಡಿನ ಖಾತೆ ಸಂಖ್ಯೆ ಹಾಕಿದರೆ ಕಪ್ಪುಪಟ್ಟಿ ನೋಡಿದ ಪ್ರಿಂಟ್ ಲಗತ್ತಿಸದೆ ಆ ಹಂತ ದಾಟಲು ಆಗದ ಹಾಗೆ ಮಾಡಿಸಿದೆ. ನಿಯಮ ಇರುವುದು 25 ಸಾವಿರ ಡಾಲರ್ ಮತ್ತು ಅದಕ್ಕಿಂತ ಮೇಲಿನ ಕರಾರುಗಳಿಗೆ. ನಾನು ಮೊತ್ತ ನೋಡದೆ ಎಲ್ಲಕ್ಕೂ ಇಟ್ಟೆ. ಯಾವುದಕ್ಕೆ ಬೇಕು ಯಾವುದಕ್ಕೆ ಬೇಡ ಅಂತ ಯೋಚಿಸುವ ಹೊತ್ತಿಗೆ ಹುಡುಕಿಯೇ ಮುಗಿಯುತ್ತದೆ. ಜೊತೆಗೆ ಕರಾರಿನಲ್ಲೇ ಒಂದು ಕಲಮು ಸೇರಿಸಿದೆವು: ನಾನು ಕಪ್ಪುಪಟ್ಟಿಯಲ್ಲಿ ಇಲ್ಲ ಅಂತ ಗುತ್ತಿಗೆದಾರರೇ ಬರೆದುಕೊಡಬೇಕು. ಜಾಲತಾಣದಲ್ಲಿ ನೋಡುವುದು, ಪ್ರಮಾಣಪತ್ರ ಪಡೆಯುವುದು, ಕರಾರಿನಲ್ಲಿ ಕಲಮು ಹಾಕುವುದು, ಈ ಮೂರರಲ್ಲಿ ಯಾವುದಾದರೂ ಒಂದಿದ್ದರೆ ನಿಯಮಕ್ಕೆ ಸಾಕು. ನಮ್ಮಲ್ಲಿ ಈಗ ಎರಡಿವೆ. ಒಂದು ತಪ್ಪಿಹೋದರೆ ಇನ್ನೊಂದು ಕಾಪಾಡುತ್ತದೆ.

ಆಮೇಲೆ ಒಂದೊಂದೇ ಇಲಾಖೆಗೆ ನಾನೇ ನಡೆದುಕೊಂಡು ಹೋದೆ. ಇಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ. ಎದುರಿಗೆ ಕೂತರೆ ಮಾತು ಹೊರಗೆ ಬರುತ್ತದೆ. ವರ್ಷದ ಕೊನೆಗೆ ಫೆಡರಲ್ ಖರ್ಚಿನ ಒಂದು ಪಟ್ಟಿ ಮಾಡಬೇಕು, ಸೆಫಾ ಅನ್ನುತ್ತಾರೆ. ಆಡಿಟ್ ಪೂರ್ತಿ ನಿಂತಿರುವುದು ಈ ಪಟ್ಟಿಯ ಮೇಲೆ. ಅದರಲ್ಲಿ ಒಂದು ಅನುದಾನ ಬಿಟ್ಟುಹೋದರೆ ಆಡಿಟರ್ ಯಾವುದನ್ನು ಪರೀಕ್ಷಿಸಬೇಕು ಅನ್ನುವ ಲೆಕ್ಕವೇ ತಪ್ಪುತ್ತದೆ. ನಾನು ಹುಡುಕಿದಾಗ ಪೊಲೀಸ್ ಇಲಾಖೆಯಲ್ಲಿ ಗುಂಡು ತಡೆಯುವ ಜಾಕೆಟ್‌ಗೆ ಬಂದ ಸಣ್ಣ ಅನುದಾನ ಸಿಕ್ಕಿತು. ರಸ್ತೆ ಸುರಕ್ಷತೆಗೆ ಅಂತ ಪೊಲೀಸರ ಓವರ್‌ಟೈಮ್‌ಗೆ ರಾಜ್ಯದಿಂದ ಚೆಕ್ ಬರುತ್ತಿತ್ತು. ಅದನ್ನು ವರ್ಷಗಳಿಂದ 'ರಾಜ್ಯ ಅನುದಾನ' ಅಂತಲೇ ಜಮಾ ಮಾಡಿಕೊಂಡು ಬಂದಿದ್ದರು. ಒಪ್ಪಂದದ ಪತ್ರ ತೆಗೆಸಿ ಓದಿದೆ. ಮೂರನೇ ಪುಟದಲ್ಲಿ ಫೆಡರಲ್ ಕಾರ್ಯಕ್ರಮದ ಸಂಖ್ಯೆ ಇತ್ತು. ಚೆಕ್ ಮೇಲೆ ಯಾರ ಸಹಿ ಇದೆ ಅಂತ ನೋಡಿದರೆ ಸಾಲದು. ದುಡ್ಡು ಹುಟ್ಟಿದ್ದೆಲ್ಲಿ ಅಂತ ನೋಡಬೇಕು. ರಾಜ್ಯದ ಮೂಲಕ ಹಾದು ಬಂದರೂ ಅದು ಫೆಡರಲ್ ದುಡ್ಡೇ.

ಸಂಬಳದ ವಿಷಯದಲ್ಲಿ ನನಗೆ ಜಾಸ್ತಿ ಭಯವಾಗಿತ್ತು. ಬಡವರ ಮನೆ ರಿಪೇರಿಗೆ ಫೆಡರಲ್ ವಸತಿ ಇಲಾಖೆಯ ಅನುದಾನ ಬರುತ್ತದೆ. ಆ ಮನೆಗಳನ್ನು ತಪಾಸಣೆ ಮಾಡುವ ಹಿರಿಯ ಇನ್‌ಸ್ಪೆಕ್ಟರ್ ಒಬ್ಬರ ಅರ್ಧ ಸಂಬಳ ಅದರಿಂದ ಹೋಗುತ್ತಿತ್ತು. ಬಜೆಟ್‌ನಲ್ಲಿ ಅರ್ಧ ಅಂತ ಬರೆದಿದ್ದರು, ಹಾಗಾಗಿ ಪ್ರತಿ ತಿಂಗಳೂ ಅರ್ಧ. ಬಜೆಟ್ ಅಂದಾಜನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳಬಹುದು. ಆದರೆ ನಿಜವಾಗಿ ಮಾಡಿದ ಕೆಲಸದ ದಾಖಲೆ ನೋಡಿ ಆಮೇಲೆ ಸರಿಪಡಿಸಲೇಬೇಕು. ನಾವು ಸರಿಪಡಿಸಿಯೇ ಇರಲಿಲ್ಲ.

ಅವರ ಹತ್ತಿರ ಕೂತು ಕೇಳಿದೆ. ಮೊದಲು ಸ್ವಲ್ಪ ಬೇಜಾರಾದರು, ನನ್ನ ಮೇಲೆ ಅನುಮಾನವೇ ಅನ್ನುವ ಹಾಗೆ ನೋಡಿದರು. ನಾನು ವಿವರಿಸಿದ ಮೇಲೆ ಎದ್ದು ಹೋಗಿ ಒಂದು ದಪ್ಪ ಫೋಲ್ಡರ್ ತಂದರು. ಪ್ರತಿ ತಪಾಸಣಾ ವರದಿಯಲ್ಲೂ ಮನೆಗೆ ಹೋದ ಹೊತ್ತು, ಹೊರಟ ಹೊತ್ತು ಅವರೇ ಕೈಯಲ್ಲಿ ಬರೆದಿದ್ದರು. ಪೆನ್ಸಿಲ್‌ನಲ್ಲಿ, ಚಿಕ್ಕ ಅಕ್ಷರದಲ್ಲಿ. ಯಾರೂ ಹೇಳದೆ ಇಟ್ಟುಕೊಂಡಿದ್ದ ಅಭ್ಯಾಸ. ಆ ಫೋಲ್ಡರ್ ನೋಡಿ ನನಗೆ ಕಣ್ಣು ತುಂಬಿತು. ಇಬ್ಬರೂ ಎರಡು ದಿನ ಕೂತು ಕೂಡಿದೆವು. ನೂರಕ್ಕೆ 50 ಆಗಿರಲಿಲ್ಲ, 38 ಬಂತು. ಉಳಿದ ವ್ಯತ್ಯಾಸವನ್ನು ನಗರದ ಸಾಮಾನ್ಯ ನಿಧಿಯಿಂದ ಆ ಅನುದಾನಕ್ಕೆ ವಾಪಸ್ ತುಂಬಿದೆವು. ಯಾರೂ ಕೇಳುವ ಮುಂಚೆ ಆಡಿಟರ್‌ಗೂ ಹೇಳಿದೆವು. ಈಗ ಅವರ ಟೈಮ್‌ಶೀಟ್‌ನಲ್ಲಿ ಪ್ರತಿ ಕೆಲಸಕ್ಕೂ ಬೇರೆ ಸಾಲಿದೆ. ಹದಿನೈದು ದಿನಕ್ಕೊಮ್ಮೆ ಅವರೂ ಮೇಲಧಿಕಾರಿಯೂ ಸಹಿ ಮಾಡುತ್ತಾರೆ.

ಇನ್ನೊಂದು ಕಡೆ ಹೋಗಿದ್ದು ಊರಿನ ಒಂದು ಆಶ್ರಯ ಕೇಂದ್ರಕ್ಕೆ. ಮನೆ ಇಲ್ಲದವರಿಗೆ ಊಟ, ಮಲಗಲು ಜಾಗ ಕೊಡುವ ಸಂಸ್ಥೆ. ನಮಗೆ ಬಂದ ಅನುದಾನದಲ್ಲಿ ಒಂದು ಪಾಲು ನಾವು ಅವರಿಗೆ ಕೊಡುತ್ತೇವೆ. ಕೊಟ್ಟ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲ. ಅವರು ಹೇಗೆ ಖರ್ಚು ಮಾಡಿದರು ಅಂತ ನಾವೇ ನೋಡಬೇಕು. ಮೊದಲೆಲ್ಲ ಅವರು ಕಳಿಸಿದ ಮೊತ್ತಕ್ಕೆ ಸುಮ್ನೆ ಚೆಕ್ ಹೋಗುತ್ತಿತ್ತು.

ಅಲ್ಲಿನ ಮುಖ್ಯಸ್ಥೆ ಅಡುಗೆಮನೆಯಲ್ಲಿ ಸೂಪ್ ಬಡಿಸುತ್ತಿದ್ದರು. ಏಪ್ರನ್‌ನಲ್ಲೇ ಬಂದು ಒಂದು ರಟ್ಟಿನ ಪೆಟ್ಟಿಗೆ ಇಟ್ಟರು. ವರ್ಷದ ಬಿಲ್ಲುಗಳೆಲ್ಲ ಅದರಲ್ಲಿ. ತೆಗೆದು ತಿಂಗಳವಾರು ಜೋಡಿಸುತ್ತಾ ಹೋದೆ. ಜನವರಿಯ ಕರೆಂಟ್ ಬಿಲ್ಲು ನಮ್ಮ ಕ್ಲೇಮಿನಲ್ಲೂ ಪೂರ್ತಿ ಇತ್ತು, ಬೇರೆ ಒಂದು ಅನುದಾನದ ಕ್ಲೇಮಿನಲ್ಲೂ ಪೂರ್ತಿ ಇತ್ತು. ಅವರ ಮುಖ ಬಿಳಿಚಿಕೊಂಡಿತು. ದುಡ್ಡು ಹೊಡೆಯುವ ಉದ್ದೇಶ ಅವರಿಗೆ ಇರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ಎರಡು ಕಡೆಯವರೂ ಬಿಲ್ಲಿನ ನಕಲು ಕೇಳಿದ್ದರು, ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಸ್ವಯಂಸೇವಕರು ಕಳಿಸಿದ್ದರು.

ನನಗೆ ಅಪ್ಪನ ಸೀಲ್ ನೆನಪಾಯಿತು. ಮುಂದಿನ ವಾರ ಅವರಿಗೆ ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಟ್ಟೆ. ನಾಲ್ಕು ಸಾಲು ಅದರಲ್ಲಿ: ಯಾವ ಅನುದಾನ, ಬಿಲ್ಲಿನಲ್ಲಿ ಎಷ್ಟು ಪಾಲು, ತಾರೀಖು, ಸಹಿ. ಬಿಲ್ಲು ಬಂದ ದಿನವೇ ಮೂಲ ಪ್ರತಿಯ ಮೇಲೆ ಒತ್ತಬೇಕು, ನಕಲು ತೆಗೆಯುವುದು ಆಮೇಲೆ. ಆ ಕರೆಂಟ್ ಬಿಲ್ಲಿನ ದುಡ್ಡನ್ನು ಮುಂದಿನ ಕ್ಲೇಮಿನಲ್ಲಿ ಕಳೆದರು. ಈಗ ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ರಟ್ಟಿನ ಪೆಟ್ಟಿಗೆ ಹೋಗಿ ಹನ್ನೆರಡು ಫೋಲ್ಡರ್ ಬಂದಿವೆ. ಇಂಥ ಸಂಸ್ಥೆಗಳನ್ನು ಹೆದರಿಸಬೇಡಿ ಅಂತ ಈ ಕೆಲಸದಲ್ಲಿರುವ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಅವರಿಗೆ ಲೆಕ್ಕ ಕಲಿಸುವವರು ಯಾರೂ ಇರುವುದಿಲ್ಲ. ನಾವು ನೋಡಲು ಹೋಗದೆ ಬರೀ ಚೆಕ್ ಕಳಿಸಿದ್ದರಿಂದಲೇ ಅದು ಅಷ್ಟು ದಿನ ಗೊತ್ತಾಗಲಿಲ್ಲ.

ಹೊಸಬರಿಗೆ ಇನ್ನೆರಡು ಮಾತು. ಆಡಿಟರ್ ಯಾವ ಕಾರ್ಯಕ್ರಮದಲ್ಲಿ ಏನು ಪರೀಕ್ಷೆ ಮಾಡಬೇಕು ಅಂತ ಫೆಡರಲ್ ಬಜೆಟ್ ಕಚೇರಿ 'ಕಂಪ್ಲಯನ್ಸ್ ಸಪ್ಲಿಮೆಂಟ್' ಅಂತ ಒಂದು ದಪ್ಪ ಕೈಪಿಡಿ ಹೊರಡಿಸುತ್ತದೆ. ಯಾರು ಬೇಕಾದರೂ ಓದಬಹುದು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕಂತೆ. ನಿಮ್ಮ ಅನುದಾನದ ಭಾಗವನ್ನು ಮಾತ್ರ ಓದಿ, ಅದರ ಪ್ರಶ್ನೆಗಳಿಗೆ ನಿಮ್ಮ ಫೈಲಿನಿಂದಲೇ ಉತ್ತರ ಹುಡುಕಿ. ಮತ್ತೆ ಅನುದಾನ ಪಡೆಯಲು ಬೇಕಾದ ಫೆಡರಲ್ ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ನನ್ನ ಫೋನಿನಲ್ಲಿ ಅದಕ್ಕೆ ಎರಡು ತಿಂಗಳು ಮೊದಲೇ ಅಲಾರಂ ಇದೆ. ವರದಿ ಸಲ್ಲಿಸಲು ವರ್ಷ ಮುಗಿದು ಒಂಬತ್ತು ತಿಂಗಳು, ಇಲ್ಲವೇ ಆಡಿಟರ್ ವರದಿ ಕೈಗೆ ಬಂದು 30 ದಿನ, ಯಾವುದು ಮೊದಲೋ ಅದು. ನಮಗೆ ಕೊನೆಯ ದಿನ ಮಾರ್ಚ್ 31. ತಡವಾದರೆ 'ಕಡಿಮೆ ಅಪಾಯದ ಸಂಸ್ಥೆ' ಅನ್ನುವ ಹೆಸರು ಹೋಗುತ್ತದೆ. ಆ ಹೆಸರಿದ್ದರೆ ಫೆಡರಲ್ ಖರ್ಚಿನ ನೂರಕ್ಕೆ 20 ಭಾಗ ಪರೀಕ್ಷಿಸಿದರೆ ಸಾಕು, ಇಲ್ಲದಿದ್ದರೆ 40.

ಮರುವರ್ಷ ಅದೇ ಆಡಿಟರ್ ಬಂದರು. ಮೂರು ಖರೀದಿ ಫೈಲ್ ಆರಿಸಿಕೊಂಡರು. ಮೂರರಲ್ಲೂ ಪ್ರಿಂಟ್ ಇತ್ತು, ಕರಾರಿನ ತಾರೀಖಿಗಿಂತ ಮುಂಚಿನದು. ವರದಿಯಲ್ಲಿ 2022-001ರ ಮುಂದೆ 'ಸರಿಪಡಿಸಲಾಗಿದೆ' ಅಂತ ಬಂತು. ಆ ಪುಟದ ಫೋಟೊ ಅಪ್ಪನಿಗೆ ಕಳಿಸಿದೆ, ಖರೀದಿ ವಿಭಾಗದ ಸಹೋದ್ಯೋಗಿಗೂ ತೋರಿಸಿದೆ. ಅವರು ತಮ್ಮ ಮೇಜಿನ ಎದುರಿನ ಗೋಡೆಗೆ ಅದನ್ನು ಅಂಟಿಸಿಕೊಂಡಿದ್ದಾರೆ.

ಕೋವಿಡ್ ದುಡ್ಡಿಗೆ ಕರಾರು ಮಾಡಿಕೊಳ್ಳಲು 2024ರ ಡಿಸೆಂಬರ್ 31 ಗಡುವಾಗಿತ್ತು, ಖರ್ಚು ಮುಗಿಸಲು 2026ರ ಡಿಸೆಂಬರ್ 31. ಆ ದುಡ್ಡಿನ ದಾಖಲೆಗಳನ್ನು ಖರ್ಚು ಮುಗಿದ ಮೇಲೆ ಇನ್ನೂ ಐದು ವರ್ಷ ಇಟ್ಟುಕೊಳ್ಳಬೇಕು. ಒಳಚರಂಡಿ ಫೈಲ್ ಈಗ ಕೆಳಗಿನ ಉಗ್ರಾಣದಲ್ಲಿದೆ. ಪೆಟ್ಟಿಗೆಯ ನಾಲ್ಕೂ ಬದಿಗೆ ಕಪ್ಪು ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ: 2031ರ ಡಿಸೆಂಬರ್ 31ರ ತನಕ ಬಿಸಾಡಬೇಡಿ.