ಪಿಎಚ್‌ಡಿ ಸಂದರ್ಶನದಲ್ಲಿ ಕೆಟ್ಟುಹೋದ ಪ್ರಯೋಗದ ಬಗ್ಗೆ ಕೇಳಿ

ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಜೀವವಿಜ್ಞಾನದ ಪಿಎಚ್‌ಡಿ ಸಂದರ್ಶನಕ್ಕೆ ಕೂರುತ್ತಿದ್ದೇನೆ. ನಮ್ಮ ಮುಂದೆ ಬರುವವರೆಲ್ಲ ನೆಟ್ ಅಥವಾ ಗೇಟ್ ಅರ್ಹತಾ ಪರೀಕ್ಷೆ ಪಾಸಾದವರು. ವಿಷಯ ಗೊತ್ತಿರುತ್ತದೆ. ಆದರೆ ಆರು ತಿಂಗಳು ಒಂದೂ ಪ್ರಯೋಗ ಕೈಹತ್ತದಿದ್ದರೆ ಏನು ಮಾಡುತ್ತಾರೆ? ತಪ್ಪಾದರೆ ಬಂದು ಹೇಳುತ್ತಾರಾ, ಮುಚ್ಚಿಡುತ್ತಾರಾ? ಅದನ್ನು ಅಂಕಪಟ್ಟಿ ಹೇಳುವುದಿಲ್ಲ.

ಮೊದಮೊದಲು ಇದನ್ನು ನಾನು ಮಾತಿನ ವರಸೆ ನೋಡಿಯೇ ಅಳೆಯುತ್ತಿದ್ದೆ. ಒಬ್ಬ ಹುಡುಗ ಅರಳು ಹುರಿದಂತೆ ಇಂಗ್ಲಿಷ್ ಮಾತಾಡಿದ. ತೆಗೆದುಕೊಂಡೆವು. ಎರಡನೇ ವರ್ಷ ಅವನು ಸೆಲ್ ಬೆಳೆಸುತ್ತಿದ್ದ ಪ್ಲೇಟಿಗೆ ಫಂಗಸ್ ಬಂತು. ಆಗಲೇ ಹೇಳಿದ್ದರೆ ಇನ್‌ಕ್ಯುಬೇಟರ್ ತೊಳೆದು ಮುಗಿಯುತ್ತಿತ್ತು. ಅವನು ಸುಮ್ನೆ ಬಿಸಾಡಿ ಕೂತ. ವಾರದೊಳಗೆ ಲ್ಯಾಬಿನ ಎಲ್ಲರ ಸೆಲ್‌ಗಳೂ ಹೋದವು.

ಈಗ ಅರ್ಧ ಗಂಟೆಯ ಸಂದರ್ಶನದಲ್ಲಿ ಹತ್ತು ನಿಮಿಷ ಇದಕ್ಕೇ ಎತ್ತಿಡುತ್ತೇವೆ. ನೀವೂ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ, ಬಂದವರಿಗೆಲ್ಲ ಅವನ್ನೇ ಕೇಳಿ. 'ಹೀಗಾದರೆ ಏನು ಮಾಡುತ್ತೀರಿ' ಅನ್ನಬೇಡಿ, ಅದಕ್ಕೆ ಎಲ್ಲರ ಬಳಿಯೂ ಚೆಂದದ ಉತ್ತರ ಇರುತ್ತದೆ. ನಡೆದದ್ದನ್ನು ಕೇಳಿ: "ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಕೆಟ್ಟುಹೋದ ಒಂದು ಪ್ರಯೋಗ ಹೇಳಿ." ಆಮೇಲೆ ಬೆನ್ನು ಬಿಡಬೇಡಿ. ಮರುದಿನ ಏನು ಮಾಡಿದಿರಿ? ಯಾರನ್ನು ಕೇಳಿದಿರಿ? ಗೈಡಿಗೆ ಯಾವಾಗ ಹೇಳಿದಿರಿ? ಕಟ್ಟುಕತೆಯಾದರೆ ಇಲ್ಲೇ ತಡವರಿಸುತ್ತದೆ.

ಹೋದ ವರ್ಷ ಕೊಪ್ಪಳದ ಕಡೆಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಎಡವುತ್ತಿದ್ದಳು. "ಕನ್ನಡದಲ್ಲೇ ಹೇಳಮ್ಮ" ಅಂದೆ. ಕನ್ನಡ ಬಾರದ ಸಹೋದ್ಯೋಗಿಗೆ ನಾನೇ ಅನುವಾದ ಮಾಡಿದೆ. ಅವಳ ಪಿಸಿಆರ್ (ಎನ್‌ಜೈಮ್ ಹಾಕಿ ಡಿಎನ್‌ಎ ತುಣುಕಿನ ನಕಲು ಹೆಚ್ಚಿಸುವ ಪ್ರಯೋಗ) ನಾಲ್ಕು ಸಲ ಬಂದಿರಲಿಲ್ಲ. "ರಾತ್ರಿ ಕರೆಂಟ್ ಹೋಗಿ ಫ್ರೀಜರ್ ಆಫ್ ಆಗ್ತಿತ್ತು ಮೇಡಂ. ಅಟೆಂಡರ್ ಅಣ್ಣ ಹೇಳಿದ ಮೇಲೆ ಗೊತ್ತಾಯ್ತು." ಫ್ರೀಜರ್‌ನಲ್ಲಿದ್ದ ಎನ್‌ಜೈಮ್ ಕೆಟ್ಟಿದೆಯಾ ಎಂದು, ಹೊಸದನ್ನು ಎರವಲು ತಂದು, ಹಳೆಯದರ ಪಕ್ಕ ಹಾಕಿ ನೋಡಿದಳಂತೆ. ಅಟೆಂಡರ್ ಹೆಸರನ್ನು ಪ್ರಾಜೆಕ್ಟ್ ವರದಿಯಲ್ಲೂ ಹಾಕಿದ್ದಳು!

ಅಂಕ ಕೊಡುವುದು 1ರಿಂದ 4. ತಪ್ಪನ್ನೆಲ್ಲ ಬೇರೆಯವರ ಮೇಲೆ ಹಾಕಿದರೆ 1. ತನ್ನ ಪಾಲು ಒಪ್ಪಿಕೊಂಡು, ನೆರವು ಕೇಳಿ, ದಾರಿ ಬದಲಿಸಿದ್ದರೆ 4. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ತಮ್ಮ ಅಂಕ ಬರೆದುಬಿಡಬೇಕು. ಇಲ್ಲದಿದ್ದರೆ ಹಿರಿಯರು ಗಂಟಲು ಸರಿಮಾಡಿಕೊಂಡರೆ ಸಾಕು, ಎಲ್ಲರ ಅಂಕವೂ ಆ ಕಡೆ ವಾಲುತ್ತದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2004ರಲ್ಲಿ ಶುರುವಾದ ಫಿಸ್ಕ್-ವಾಂಡರ್‌ಬಿಲ್ಟ್ ಬ್ರಿಡ್ಜ್ ಕಾರ್ಯಕ್ರಮದವರೂ (ಸ್ನಾತಕೋತ್ತರದಿಂದ ಪಿಎಚ್‌ಡಿಗೆ ದಾಟಿಸುವ ಕಾರ್ಯಕ್ರಮ) ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕವನ್ನೇ ನೆಚ್ಚದೆ, ಅರ್ಧ ಗಂಟೆ ಕೂತು ಇಂಥದ್ದನ್ನೇ ಕೇಳುವ ಪದ್ಧತಿ ತಂದರು.

ನಾಚಿಕೆಗೆ ಅಂಕ ಕಳೆಯಬೇಡಿ. ಟೀ ಕುಡಿಯುವಾಗ ನಗುನಗುತ್ತಾ ಮಾತಾಡಿದ್ದಕ್ಕೆ ಸೇರಿಸಲೂಬೇಡಿ. ಹೆಣ್ಣುಮಕ್ಕಳಿಗೆ 'ಮದುವೆ ಯಾವಾಗ' ಎಂದು ಕೇಳುವವರು ಪ್ಯಾನೆಲ್‌ಗಳಲ್ಲಿ ಇನ್ನೂ ಇದ್ದಾರೆ, ಅಲ್ಲೇ ತಡೆಯಿರಿ.

ಕೊನೆಯ ಐದು ನಿಮಿಷ ಅವರು ನಮ್ಮನ್ನು ಕೇಳಲಿ. "ನಿಮ್ಮ ಲ್ಯಾಬಿನಲ್ಲಿ ಯಾರಾದರೂ ಅರ್ಧಕ್ಕೆ ಬಿಟ್ಟು ಹೋಗಿದ್ದಾರಾ ಮೇಡಂ?" ಎಂದು ಆ ಕೊಪ್ಪಳದ ಹುಡುಗಿ ಕೇಳಿದಳು. ಒಬ್ಬರು ಹೋಗಿದ್ದಾರೆ ಅಂದೆ. ಯಾಕೆ ಅಂದಳು. ನನ್ನ ಪಾಲಿನ ತಪ್ಪನ್ನೂ ಸೇರಿಸಿ ಹೇಳಿದೆ.