ಬೊಲೆರೊ ತಲೆ ಮೇಲೆ ಪೈಪ್ ಟ್ಯಾಂಕ್: ನನ್ನ ಅನುಭವ

ಕ್ಯಾರಿಯರ್ ಮೇಲೆ ಪಿವಿಸಿ ಪೈಪಿನಲ್ಲೇ ಸ್ನಾನದ ನೀರಿನ ಟ್ಯಾಂಕ್ ಮಾಡ್ತೀನಿ ಅಂದಾಗ ಗ್ಯಾರೇಜಿನವರು, "ಬ್ಯಾಡ್ರಿ ಸರ, ಮೊದಲ್ನೇ ಸ್ಪೀಡ್ ಬ್ರೇಕರಿಗೇ ಒಡೀತದ" ಅಂದಿದ್ದರು. ಹುಬ್ಬಳ್ಳಿಯಿಂದ ಕಛ್‌ನ ಧೋಲಾವೀರಾವರೆಗೆ ಹೋಗಿ ಬಂದೆ. ಒಂದು ಹನಿ ಸೋರಿಲ್ಲ.

ಮೊದಲು ತಂದಿದ್ದು ಬಾತ್‌ರೂಮಿನ ಕೊಳಚೆ ನೀರು ಹೋಗುವ ಎಸ್‌ಡಬ್ಲ್ಯುಆರ್ ಪೈಪ್. ಅಗ್ಗ, ಆದರೆ ನಲ್ಲಿಯಲ್ಲಿ ನೀರು ರಭಸವಾಗಿ ಬರಲಿ ಅಂತ ಒಳಗೆ ತುಂಬುವ ಗಾಳಿಯನ್ನು ಅದರ ರಬ್ಬರ್ ರಿಂಗ್ ಜಾಯಿಂಟ್ ತಡೆಯಲ್ಲ. ಬ್ರೇಕ್ ಹಾಕಿದಾಗ ಒಳಗಿನ ನೀರೆಲ್ಲ ಮುಂದಕ್ಕೆ ನುಗ್ಗಿ ಎಂಡ್ ಕ್ಯಾಪಿಗೆ ಗುದ್ದುತ್ತೆ. ಕ್ಯಾಪ್ ಕಿತ್ತು ಬಾನೆಟ್ ಮೇಲೆ ಬಿತ್ತು. ಸಾವಿರ ಚಿಲ್ಲರೆ ಹೋಯಿತು.

ಆಮೇಲೆ ಹೊಲಕ್ಕೆ ಹಾಕುವ 6 ಕೆಜಿ ಪೈಪ್ (ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತಡೆಯುವಂಥದ್ದು), ಅಂಟು ಹಾಕಿ ಕೂಡಿಸುವ ಸಾಲ್ವೆಂಟ್ ಜಾಯಿಂಟ್. ಆರಿಂಚಿನದು ಒಂದೇ ಸಾಕು ಅಂದವರೇ ಜಾಸ್ತಿ. ನಾನು ನಾಲ್ಕಿಂಚಿನವು ಎರಡು ಹಾಕಿದೆ. 10 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಲೆಕ್ಕ) ಗಾಳಿ ನಾಲ್ಕಿಂಚಿನ ಕ್ಯಾಪನ್ನು ಸುಮಾರು 65 ಕೆಜಿ ಭಾರದಷ್ಟು ತಳ್ಳುತ್ತೆ. ಆರಿಂಚಿಗೆ ಅದರ ದುಪ್ಪಟ್ಟು. ಆರಡಿಯ ಎರಡು ಪೈಪಿಗೆ 30 ಲೀಟರ್ ಹಿಡಿಯುತ್ತೆ. ಮೂರನೇ ಒಂದು ಭಾಗ ಖಾಲಿ ಬಿಡಿ, ಗಾಳಿಗೂ ಜಾಗ ಬೇಕಲ್ವಾ. ನಲ್ಲಿ ಇರುವ ಕಡೆ ಒಂದಿಂಚು ತಗ್ಗಿರಲಿ.

ಪೈಪ್ ಮೇಲೆ 6 ಕೆಜಿ ಅಂತ ಇದೆ ಅಂದ್ಕೊಂಡು ಗಾಳಿ ತುಂಬಬೇಡಿ. ಅದು 27 ಡಿಗ್ರಿಯ ನೀರಿನ ಲೆಕ್ಕ. ಬಿಸಿಲಿಗೆ ಪಿವಿಸಿ ಮೆತ್ತಗಾಗುತ್ತೆ, ಗಾಳಿ ಇದ್ದಾಗ ಒಡೆದರೆ ಚೂರು ಸಿಡಿಯುತ್ತೆ. ನಾನು 10 ದಾಟಿಸಲ್ಲ, ಅದೂ ಗಾಡಿ ನಿಂತ ಮೇಲೆ, ಸೈಕಲ್ ಪಂಪಿನಲ್ಲಿ. ಮೇಲ್ಗಡೆ ಕುಕ್ಕರಿನ ವೆಯ್ಟ್ ಕೂರಿಸಿದ್ದೇನೆ. 15ರ ಹತ್ತಿರ ಬಂದರೆ ಬುಸ್ ಅಂತ ಎದ್ದು ಗಾಳಿ ಬಿಡುತ್ತೆ. ಹೊರಡುವಾಗ ವೆಯ್ಟ್ ತೆಗೆದು ಡ್ಯಾಶ್‌ಬೋರ್ಡಿಗೆ. ಗಾಳಿ ತುಂಬಲು ಕೂರಿಸಿದ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸುತ್ತ ಸೋರದಂತೆ ಏನು ಹಚ್ಚಿದ್ದೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕಪ್ಪು ಬಣ್ಣ ಬಳಿದಿದ್ದಕ್ಕೆ ಸಂಜೆ ಸ್ನಾನಕ್ಕೆ ಬಿಸಿನೀರು ಸಿಕ್ಕಿತು. ಕಛ್‌ನ ಉಪ್ಪುಗಾಳಿಯಲ್ಲಿ ಅದಕ್ಕಿಂತ ಸುಖ ಇಲ್ಲ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ನೋಡಿದೆ, ಇನ್ನೂ ಬೇಗ ಕಾಯಿತು, ಆದರೆ ಹೈವೇ ಗಾಳಿಗೆ ಹರಿದುಹೋಯಿತು. ಕುಡಿಯಲು ಈ ನೀರು ಬೇಡ, ಕ್ಯಾನ್ ಬೇರೆ ಇಡಿ.

ಕ್ಲ್ಯಾಂಪ್, ಹಳೇ ಟ್ಯೂಬಿನ ಪಟ್ಟಿ, ಬಣ್ಣ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು. ರೆಡಿಮೇಡ್ ಟ್ಯಾಂಕಿಗೆ ಇದರ ಎಷ್ಟೋ ಪಟ್ಟು ಕೇಳುತ್ತಾರೆ.

ಮುಂದೆ ಹಿಮಾಚಲದ ಚಳಿಯ ಸ್ಪಿತಿ. ಅಲ್ಲಿ ರಾತ್ರಿ ಪೂರ್ತಿ ಖಾಲಿ ಮಾಡಲೇಬೇಕು, ಬಾಲ್ ವಾಲ್ವ್ ಅರ್ಧ ತೆರೆದಿಡಬೇಕು. ಈ ನಲ್ಲಿಯ ಒಳಗೆ ತಿರುಗುವ ತೂತಿನ ಗೋಲಿಯಲ್ಲಿ ಉಳಿದ ಒಂದು ಗುಟುಕು ನೀರು ಹೆಪ್ಪುಗಟ್ಟಿದರೂ ವಾಲ್ವ್ ಸೀಳುತ್ತೆ.